ಸಾವಿರನೇ ಗಂಟೆಯ ಲೆಕ್ಕ ಕೇಳಿ: ವೇಗವರ್ಧಕ ಸಂಶೋಧನೆಗೆ ಹಣ ಕೊಡುವವರಿಗೆ, ಪ್ರಬಂಧ ಪ್ರಕಟಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವೇಗವರ್ಧಕ ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡಿ, ಅದರಲ್ಲಿ ತಾನು ಖರ್ಚಾಗದ ವಸ್ತು. ಬಯೋಮಾಸ್‌ನಿಂದ, ಅಂದರೆ ಹುಲ್ಲು, ಮರದಂಥ ಸಸ್ಯವಸ್ತುವಿನಿಂದ, ರಾಸಾಯನಿಕ ತಯಾರಿಸುವ ಲೋಹದ ವೇಗವರ್ಧಕಗಳ ಬಗ್ಗೆ ಬರುವ ಪ್ರಬಂಧಗಳಲ್ಲಿ ಒಂದು ಚಿತ್ರವಂತೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪ್ರತಿ ಬಳಕೆಯ ಇಳುವರಿಗೆ ಒಂದರಂತೆ ಐದು ಕಂಬಗಳು, ಐದೂ ಒಂದೇ ಎತ್ತರ. ಅದರ ಕೆಳಗೆ, ಐದು ಸಲ ಬಳಸಿದರೂ ಶಕ್ತಿ ಕುಗ್ಗಲಿಲ್ಲ ಎಂಬ ಸಾಲು. ನೀವು ಅದನ್ನು ಎಷ್ಟೋ ಸಲ ನೋಡಿರುತ್ತೀರಿ. ನಾನೂ ಅಂಥ ಚಿತ್ರ ಹಾಕಿದ್ದೇನೆ. ಇನ್ನು ಮುಂದೆ ಅದನ್ನು ಪುರಾವೆ ಎಂದು ಒಪ್ಪಿಕೊಳ್ಳಬೇಡಿ ಎಂದು ಕೇಳುವುದಕ್ಕೆ ಈ ಪತ್ರ.

ಒಂದು ಲೆಕ್ಕ ಹಾಕೋಣ. ಹೊಸ ವೇಗವರ್ಧಕ ಒಂದು ಗಂಟೆಯಲ್ಲಿ ಕೆಲಸ ಮುಗಿಸುತ್ತದೆ ಅಂದುಕೊಳ್ಳಿ. ನಾವು ಪಾತ್ರೆಯನ್ನು ಆರು ಗಂಟೆ ಬಿಸಿಯಲ್ಲಿ ಇಡುತ್ತೇವೆ. ಪ್ರತಿ ಸಲ ಬಳಸಿದ ಮೇಲೆ ಅದರ ಶಕ್ತಿ ಶೇ 20ರಷ್ಟು ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಐದನೇ ಸಲಕ್ಕೆ ಬರುವಾಗ ಉಳಿದಿರುವುದು ಶೇ 41 ಮಾತ್ರ. ಆದರೂ ಕ್ರಿಯೆ ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ನಾವು ಪಾತ್ರೆ ತೆರೆಯುವುದು ಆರನೇ ಗಂಟೆಗೆ. ಹಾಗಾಗಿ ಐದೂ ಸಲ ಇಳುವರಿ ಒಂದೇ, ಐದೂ ಕಂಬ ಒಂದೇ ಎತ್ತರ. ಅರ್ಧಕ್ಕಿಂತ ಜಾಸ್ತಿ ಶಕ್ತಿ ಹೋಗಿದೆ, ಚಿತ್ರದಲ್ಲಿ ಅದರ ಸುಳಿವೇ ಇಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಅಳೆದ ಜಾಗ ಮಾತ್ರ ತಪ್ಪು.

ಬಹಳ ವರ್ಷಗಳಿಂದ ಈ ಕೆಲಸದಲ್ಲಿ ಇರುವವಳು ನಾನು. ಹುಲ್ಲು, ದಂಟು, ಮರದ ಪುಡಿಗಳಿಂದ ಪ್ಲಾಸ್ಟಿಕ್, ದ್ರಾವಕ, ಬಣ್ಣಗಳಿಗೆ ಬೇಕಾದ ಅಣುಗಳನ್ನು ಮಾಡಬಹುದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದು ಕಾರ್ಖಾನೆಗೆ ತಲುಪದೆ ಪ್ರಯೋಗಾಲಯದ ಮೇಜಿನ ಮೇಲೇ ನಿಂತುಬಿಡುವುದನ್ನು ನೋಡಿ ನೋಡಿ ಬೇಸರವಾಗಿದೆ. ಹೀಗೆ ನಿಲ್ಲುವುದಕ್ಕೆ ಒಂದು ದೊಡ್ಡ ಕಾರಣ, ವೇಗವರ್ಧಕದ ಆಯಸ್ಸನ್ನು ನಾವು ವಿನ್ಯಾಸದ ಗುರಿಯಾಗಿ ಇಟ್ಟುಕೊಳ್ಳದೇ ಇರುವುದು. ಇಟ್ಟುಕೊಳ್ಳದೇ ಇರುವುದಕ್ಕೆ ಕಾರಣ, ಅದನ್ನು ಯಾರೂ ನಮ್ಮಿಂದ ಕೇಳದೇ ಇರುವುದು. ಕೇಳಬಲ್ಲವರು ನೀವು.

ಈ ಕ್ಷೇತ್ರದ ಕಷ್ಟ ಎಲ್ಲಿಂದ ಶುರುವಾಗುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಕಚ್ಚಾ ತೈಲದಲ್ಲಿ ಆಮ್ಲಜನಕ ಸಾಮಾನ್ಯವಾಗಿ ಶೇ 2 ಕೂಡ ಇರುವುದಿಲ್ಲ. ಒಣ ಮರದಲ್ಲಿ ತೂಕದ ಶೇ 40ಕ್ಕಿಂತ ಜಾಸ್ತಿ. ಗ್ಲೂಕೋಸ್‌ನಲ್ಲಿ ಶೇ 53. ತೈಲದ ರಸಾಯನಶಾಸ್ತ್ರದಲ್ಲಿ ಖಾಲಿ ಅಣುವಿಗೆ ಏನನ್ನಾದರೂ ಸೇರಿಸುವುದೇ ಕೆಲಸ. ಇಲ್ಲಿ ತುಂಬಿ ತುಳುಕುವ ಅಣುವಿನಿಂದ ಬೇಡದ ಆಮ್ಲಜನಕವನ್ನು ಮಾತ್ರ ತೆಗೆದು, ಬೇಕಾದ್ದನ್ನು ಅಲ್ಲೇ ಉಳಿಸಬೇಕು. ಜೊತೆಗೆ ಸಕ್ಕರೆಯಂಥ ಅಣುಗಳನ್ನು ಆವಿ ಮಾಡಲು ಆಗುವುದಿಲ್ಲ. ಬಿಸಿ ಮಾಡಿದರೆ ಕರಕಲಾಗುತ್ತವೆ. ಹಾಗಾಗಿ ಕೆಲಸವೆಲ್ಲ ದ್ರವದಲ್ಲಿ, ಬಹುಪಾಲು ನೀರಿನಲ್ಲೇ ನಡೆಯಬೇಕು. ನೀರು 150ರಿಂದ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ, ಕುದಿಯದಂತೆ ಒತ್ತಡ ಹಾಕಿರುತ್ತೇವೆ.

ನಾವು ಬಳಸುವ ವೇಗವರ್ಧಕ ಎರಡು ಭಾಗದ ವಸ್ತು. ರುಥೇನಿಯಂ, ಪ್ಲಾಟಿನಂ, ಪಲ್ಲಾಡಿಯಂ, ನಿಕ್ಕಲ್, ತಾಮ್ರ ಇಂಥ ಲೋಹದ ಪುಟ್ಟ ಕಣಗಳು ಒಂದು ಭಾಗ. ಅವು ಕೂರುವ ರಂಧ್ರಗಳಿರುವ ನೆಲೆ ಇನ್ನೊಂದು ಭಾಗ, ಅದನ್ನು ಸಪೋರ್ಟ್ ಅನ್ನುತ್ತೇವೆ. ಲೋಹದ ಕಣ 2 ನ್ಯಾನೋಮೀಟರ್ ಇದ್ದರೆ ಅದರ ಪರಮಾಣುಗಳಲ್ಲಿ ಸುಮಾರು ಅರ್ಧ ಮೇಲ್ಮೈಯಲ್ಲಿರುತ್ತವೆ, ಅಂದರೆ ಕೆಲಸಕ್ಕೆ ಸಿಗುತ್ತವೆ. ಕಣಗಳು ಒಂದಕ್ಕೊಂದು ಸೇರಿ 10 ನ್ಯಾನೋಮೀಟರ್ ಆದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲ್ಮೈಯಲ್ಲಿ ಉಳಿಯುತ್ತದೆ. ಲೋಹ ಅಷ್ಟೇ ಇದೆ, ಕೆಲಸ ಮಾಡುವವು ಕಡಿಮೆಯಾಗಿವೆ. ಈ ಕಣಗಳನ್ನು ದೂರ ದೂರ ಹಿಡಿದಿಡುವುದೇ ಸಪೋರ್ಟ್‌ನ ಮೊದಲ ಕೆಲಸ.

ಆ ಸಪೋರ್ಟೇ ಕುಸಿದರೆ?

ಅಲ್ಯೂಮಿನಿಯಂ ಆಕ್ಸೈಡ್‌ನ ಒಂದು ರೂಪವಾದ ಗ್ಯಾಮಾ ಅಲ್ಯೂಮಿನಾ ತೈಲೋದ್ಯಮದ ನಂಬಿಕೆಯ ಸಪೋರ್ಟ್. 1949ರಲ್ಲಿ ಪ್ಲಾಟಿನಂ ಮತ್ತು ಅಲ್ಯೂಮಿನಾದ ವೇಗವರ್ಧಕ ಪೆಟ್ರೋಲ್ ತಯಾರಿಕೆಗೆ ಕಾಲಿಟ್ಟಿತು. ಅದರ ಮುಂದಿನ ಪೀಳಿಗೆಗಳು ಇವತ್ತೂ ಓಡುತ್ತಿವೆ. ಅಲ್ಲಿ ಎಲ್ಲವೂ ಆವಿ, ಎಲ್ಲವೂ ಒಣ. ಅದೇ ಅಲ್ಯೂಮಿನಾವನ್ನು 200 ಡಿಗ್ರಿಯ ನೀರಿನಲ್ಲಿ ಹಾಕಿ. ಹತ್ತು ಗಂಟೆಯೊಳಗೆ ಬಹುಪಾಲು ಬೋಹ್ಮೈಟ್ ಎಂಬ ಇನ್ನೊಂದೇ ವಸ್ತುವಾಗುತ್ತದೆ. ಒಂದು ಗ್ರಾಂಗೆ ಸುಮಾರು 200 ಚದರ ಮೀಟರ್ ಇದ್ದ ಒಳಮೈ, ಅಂದರೆ ರಂಧ್ರಗಳ ಒಳಗಿನ ಮೇಲ್ಮೈ, ಕುಸಿಯುತ್ತದೆ. ಲೋಹದ ಕಣಗಳು ನಿಂತ ನೆಲವೇ ಕದಲಿ ಒಂದಕ್ಕೊಂದು ಅಂಟುತ್ತವೆ, ಕೆಲವು ಹೊಸ ಹರಳುಗಳ ಅಡಿಗೆ ಸೇರುತ್ತವೆ. ನನ್ನ ಕೈಯಲ್ಲೇ ಇದಾಗಿದೆ. ವಸ್ತುವಿನಲ್ಲಿ ಯಾವ ಹರಳುಗಳಿವೆ ಎಂದು ಎಕ್ಸ್-ರೇ ಪಟ್ಟಿ ತೋರಿಸುತ್ತದೆ. ಬಳಸಿದ ಪುಡಿಯ ಪಟ್ಟಿಯಲ್ಲಿ ಇರಬಾರದ ಶೃಂಗಗಳು ಎದ್ದು ಕಂಡಾಗ, ಮಾದರಿ ಅದಲು ಬದಲಾಗಿದೆ ಎಂದುಕೊಂಡೆ. ಎರಡನೇ ಸಲ ಮಾಡಿದಾಗಲೂ ಅದೇ. ಮಾದರಿ ಸರಿಯಾಗಿಯೇ ಇತ್ತು. ಒಳಗೆ ಇದ್ದದ್ದು ಅಲ್ಯೂಮಿನಾ ಅಲ್ಲ, ಅಷ್ಟೆ.

ಸಿಲಿಕಾ ಬಿಸಿ ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ಅತಿ ಸಣ್ಣ ರಂಧ್ರಗಳ ಹರಳುಗಳಾದ ಜಿಯೋಲೈಟ್‌ಗಳಲ್ಲಿ ಕೆಲವು ತಾಳುತ್ತವೆ, ವೈ ಎಂಬ ಬಗೆಯದ್ದು 200 ಡಿಗ್ರಿ ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ರಚನೆ ಕಳೆದುಕೊಳ್ಳುತ್ತದೆ. ಇಂಗಾಲ ನೀರಿಗೆ ಜಗ್ಗುವುದಿಲ್ಲ, ಹಾಗಾಗಿಯೇ ಈ ಕ್ಷೇತ್ರದಲ್ಲಿ ಇಂಗಾಲದ ಮೇಲೆ ಕೂರಿಸಿದ ರುಥೇನಿಯಂ ಎಲ್ಲೆಲ್ಲೂ ಕಾಣುತ್ತದೆ. ಆದರೆ ಸಕ್ಕರೆಗಳು ಬಿಸಿಯಲ್ಲಿ ಹ್ಯೂಮಿನ್ ಎಂಬ ಕಂದು ಜಿಗುಟನ್ನು ಬಿಡುತ್ತವೆ. ಅದು ರಂಧ್ರಗಳಿಗೆ ಮೆತ್ತಿಕೊಳ್ಳುತ್ತದೆ. ತೈಲದ ವೇಗವರ್ಧಕಕ್ಕೆ ಮಸಿ ಹಿಡಿದರೆ ಗಾಳಿಯಲ್ಲಿ ಸುಟ್ಟು ಶುಚಿ ಮಾಡುತ್ತಾರೆ. ಇಂಗಾಲದ ಸಪೋರ್ಟ್‌ನಲ್ಲಿ ಆ ದಾರಿ ಇಲ್ಲ. ಜಿಗುಟನ್ನು ಸುಡಲು ಹೋದರೆ ಸಪೋರ್ಟೇ ಸುಟ್ಟುಹೋಗುತ್ತದೆ. ಜಿರ್ಕೋನಿಯಂ, ಟೈಟಾನಿಯಂ ಲೋಹಗಳ ಆಕ್ಸೈಡ್‌ಗಳಾದ ಜಿರ್ಕೋನಿಯಾ, ಟೈಟಾನಿಯಾ ಎರಡನ್ನೂ ತಾಳುತ್ತವೆ, ನೀರನ್ನೂ ಬೆಂಕಿಯನ್ನೂ. ಅವುಗಳ ಒಳಮೈ ಮಾತ್ರ ಕಡಿಮೆ.

ವಿನ್ಯಾಸ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿ. ಲೋಹದ ಜೊತೆ ಸಪೋರ್ಟ್ ಎಷ್ಟು ಬಿಗಿಯಾಗಿ ನಂಟು ಮಾಡಬೇಕು? 1978ರಲ್ಲಿ ಸಂಶೋಧಕ ಟಾಸ್ಟರ್ ಮತ್ತು ಅವರ ಜೊತೆಗಾರರು ಒಂದು ವಿಚಿತ್ರ ಕಂಡರು. ಟೈಟಾನಿಯಾದ ಮೇಲಿನ ಪ್ಲಾಟಿನಂ ಮತ್ತು ಅದರ ಗುಂಪಿನ ಲೋಹಗಳನ್ನು ಹೈಡ್ರೋಜನ್‌ನಲ್ಲಿ 500 ಡಿಗ್ರಿಗೆ ಕಾಯಿಸಿದರೆ, ಆ ಲೋಹಗಳು ಹೈಡ್ರೋಜನ್ ಅನ್ನೂ ಕಾರ್ಬನ್ ಮೊನಾಕ್ಸೈಡ್ ಅನ್ನೂ ಹಿಡಿಯುವ ಗುಣವನ್ನು ಬಹುತೇಕ ಕಳೆದುಕೊಂಡವು. ಕಣಗಳು ದಪ್ಪ ಆಗಿರಲಿಲ್ಲ. ಸಪೋರ್ಟ್‌ನ ತೆಳು ಪದರವೊಂದು ಲೋಹದ ಮೇಲೆ ಹತ್ತಿ ಕೂತಿತ್ತು ಎಂಬುದು ಆಮೇಲೆ ತಿಳಿಯಿತು. ಬಹಳ ಕಾಲ ಇದನ್ನು ತೊಂದರೆ ಎಂದೇ ನೋಡಲಾಯಿತು. ನನಗೆ ಇದರಲ್ಲಿ ಒಂದು ಉಪಾಯ ಕಾಣುತ್ತದೆ. ಲೋಹ ಎಲ್ಲಿಂದ ಕಿತ್ತು ಹೋಗುತ್ತದೋ ಆ ಜಾಗವನ್ನಷ್ಟೇ ಮುಚ್ಚಿ, ಉಳಿದ ಮೈಯನ್ನು ತೆರೆದಿಟ್ಟರೆ?

ಇದು ಬರೀ ಊಹೆ ಅಲ್ಲ. ತಾಮ್ರದ ಕಣಗಳ ಮೇಲೆ ಪರಮಾಣು ಪದರ ಪದರವಾಗಿ ಅಲ್ಯೂಮಿನಾ ಹೊದಿಸಿ, ಆಮೇಲೆ ಕಾಯಿಸಿ ಆ ಹೊದಿಕೆಯಲ್ಲಿ ಸಣ್ಣ ರಂಧ್ರ ತೆರೆದ ಕೆಲಸ ಆಗಿದೆ. ಸಸ್ಯಗಳ ಸಕ್ಕರೆಯಿಂದ ಬರುವ ಫರ್ಫುರಾಲ್ ಎಂಬ ರಾಸಾಯನಿಕಕ್ಕೆ ಹೈಡ್ರೋಜನ್ ಸೇರಿಸುವ ದ್ರವದ ಕ್ರಿಯೆಯಲ್ಲಿ ಆ ತಾಮ್ರ ಕರಗಿಯೂ ಹೋಗಲಿಲ್ಲ, ದಪ್ಪವೂ ಆಗಲಿಲ್ಲ. ಕಣದ ಅಂಚು ಮೂಲೆಗಳಲ್ಲಿ ಸಡಿಲವಾಗಿ ಕೂತ ಪರಮಾಣುಗಳೇ ಮೊದಲು ಹೋಗುವವು, ಹೊದಿಕೆ ಕೂರುವುದೂ ಅವುಗಳ ಮೇಲೇ. ನನಗೆ ಇನ್ನೂ ಇಷ್ಟವಾದ ಕೆಲಸ ಒಂದಿದೆ. ಸಾದಾ ಸಕ್ಕರೆಯನ್ನು ಅಲ್ಯೂಮಿನಾ, ಸಿಲಿಕಾಗಳ ಒಳಮೈಗೆ ಹಚ್ಚಿ, ಗಾಳಿ ಇಲ್ಲದೆ ಕಾಯಿಸಿ, ತೆಳುವಾದ ಇಂಗಾಲದ ಹೊದಿಕೆ ಮಾಡುತ್ತಾರೆ. ಹಾಗೆ ಮಾಡಿದರೆ ಅವು 200 ಡಿಗ್ರಿ ನೀರಿಗೂ ಬಹಳ ಚೆನ್ನಾಗಿ ತಾಳುತ್ತವೆ. ಎಂಥ ಸರಳ ವಿಚಾರ, ಅಲ್ವಾ? ಈ ಎರಡೂ ಹುಟ್ಟಿದ್ದು ವೇಗವರ್ಧಕ ಯಾಕೆ ಸತ್ತಿತು ಎಂದು ಕೂತು ನೋಡಿದವರಿಂದ.

ಇನ್ನು ಲೋಹ ಸೋರಿಹೋಗುವ ಮಾತು. ಪ್ರಬಂಧಗಳಲ್ಲಿ ಸೋರಿಕೆ ನಗಣ್ಯ ಎಂದು ಒಂದೇ ಪದದಲ್ಲಿ ದಾಟಿಬಿಡುತ್ತೇವೆ. ಶೇ 5 ರುಥೇನಿಯಂ ಇರುವ ಒಂದು ಕಿಲೋ ವೇಗವರ್ಧಕದಲ್ಲಿ ಲೋಹ 50 ಗ್ರಾಂ. ಹೊರಗೆ ಬರುವ ಪ್ರತಿ ಕಿಲೋ ದ್ರವದಲ್ಲಿ ಕೇವಲ ಒಂದು ಮಿಲಿಗ್ರಾಂ ರುಥೇನಿಯಂ ಇದೆ ಅನ್ನಿ. 50 ಟನ್ ದ್ರವ ಹರಿಯುವಷ್ಟರಲ್ಲಿ ಲೋಹವೆಲ್ಲ ಖಾಲಿ. ಗಂಟೆಗೆ 10 ಕಿಲೋ ದ್ರವ ಹರಿದರೆ 5000 ಗಂಟೆ, ಅಂದರೆ ಏಳು ತಿಂಗಳು. ಅಷ್ಟು ಹೊತ್ತು ಕಾಯುವುದೂ ಬೇಡ, ಅದಕ್ಕೆ ಬಹಳ ಮುಂಚೆಯೇ ಅದು ಕೆಲಸಕ್ಕೆ ಬಾರದಾಗುತ್ತದೆ. ಅಮೋನಿಯಾ ತಯಾರಿಸುವ ಕಬ್ಬಿಣದ ವೇಗವರ್ಧಕ ಹತ್ತು ವರ್ಷಕ್ಕೂ ಮೀರಿ ಬಾಳಬಲ್ಲದು. ರುಥೇನಿಯಂ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಿಗುವುದೇ ಕೆಲವು ಹತ್ತು ಟನ್, ಅದೂ ಪ್ಲಾಟಿನಂ ಗಣಿಗಳ ಜೊತೆಯ ಉತ್ಪನ್ನವಾಗಿ. ಒಂದು ಮಿಲಿಗ್ರಾಂ ನಗಣ್ಯ ಅಲ್ಲ.

ಸೋರಿದ ಲೋಹ ದ್ರವದಲ್ಲಿ ಇದ್ದುಕೊಂಡೇ ಕ್ರಿಯೆ ನಡೆಸಬಹುದು. ಆಗ ನಾವು ಸಪೋರ್ಟ್‌ನ ವಿನ್ಯಾಸಕ್ಕೆ ಕೊಡುವ ಶ್ರೇಯಸ್ಸೇ ತಪ್ಪು ವಿಳಾಸಕ್ಕೆ ಹೋಗುತ್ತದೆ. ಬಿಸಿ ಇರುವಾಗಲೇ ಸೋಸಿ, ಸೋಸಿದ ದ್ರವದಲ್ಲಿ ಕ್ರಿಯೆ ಮುಂದುವರಿಯುತ್ತದಾ ಎಂದು ನೋಡಬೇಕು. ತಣ್ಣಗಾದ ಮೇಲೆ ಸೋಸಿದರೆ ಪಲ್ಲಾಡಿಯಂನಂಥ ಲೋಹ ಮತ್ತೆ ಸಪೋರ್ಟ್ ಮೇಲೆ ಕೂತುಬಿಟ್ಟಿರುತ್ತದೆ, ಏನೂ ಸೋರಿಲ್ಲ ಎಂದು ಕಾಣುತ್ತದೆ.

ಮೂರನೆಯದು ನಾವು ತೊಟ್ಟಿಗೆ ಹಾಕುವ ಕಚ್ಚಾವಸ್ತು. ಲೆವುಲಿನಿಕ್ ಆಮ್ಲ ಸಕ್ಕರೆಗಳನ್ನು ಒಡೆದಾಗ ಬರುವ ಒಂದು ರಾಸಾಯನಿಕ. ಬಾಟಲಿಯಿಂದ ತೆಗೆದ ಶೇ 99 ಶುದ್ಧ ಆಮ್ಲವನ್ನೇ ಬಳಸಿ ಪ್ರಬಂಧದ ಶೀರ್ಷಿಕೆಯಲ್ಲಿ 'ಬಯೋಮಾಸ್‌ನಿಂದ' ಎಂದು ಬರೆಯುತ್ತೇವೆ. ನಿಜವಾದ ಬಯೋಮಾಸ್‌ನಿಂದ ಬರುವ ಲೆವುಲಿನಿಕ್ ಆಮ್ಲದಲ್ಲಿ ಅದನ್ನು ಒಡೆಯಲು ಹಾಕಿದ ಗಂಧಕಾಮ್ಲದ ಉಳಿಕೆ ಇರುತ್ತದೆ, ಫಾರ್ಮಿಕ್ ಆಮ್ಲ ಇರುತ್ತದೆ, ಹ್ಯೂಮಿನ್ ಇರುತ್ತದೆ. ಗಿಡದ ಪ್ರೋಟೀನ್‌ಗಳಲ್ಲಿ ಗಂಧಕವಿದೆ, ರುಥೇನಿಯಂಗೆ ಅದು ವಿಷ. ಪೊಟ್ಯಾಶಿಯಂ, ಕ್ಯಾಲ್ಶಿಯಂ ಬೇರೆ. 1990ರ ದಶಕದ ಆರಂಭದಲ್ಲೇ, ಗ್ಲೂಕೋಸ್‌ನಿಂದ ಸಾರ್ಬಿಟಾಲ್ ಎಂಬ ಸಿಹಿಕಾರಕ ಮಾಡುವ ರುಥೇನಿಯಂ ವೇಗವರ್ಧಕವನ್ನು ಸತತವಾಗಿ ಓಡಿಸಿ ಪರೀಕ್ಷಿಸಿದವರು ಇದನ್ನು ಕಂಡಿದ್ದರು. ಗಂಧಕ ಮತ್ತು ಕಬ್ಬಿಣ ಅದರ ಮೇಲೆ ಕೂತಿದ್ದವು, ಅಲ್ಯೂಮಿನಾ ಸಪೋರ್ಟ್ ಬದಲಾಗಿತ್ತು. ಮೂವತ್ತು ವರ್ಷಗಳ ಹಿಂದೆ ಯಾರೋ ಕಷ್ಟಪಟ್ಟು ಕಲಿತದ್ದನ್ನು ನಾವು ಮತ್ತೆ ಮತ್ತೆ ಮರೆಯುತ್ತಿದ್ದೇವೆ.

ಶುದ್ಧ ನೀರಿನ ಪರೀಕ್ಷೆ ಕೆಲವೊಮ್ಮೆ ಉಲ್ಟಾ ದಿಕ್ಕಿನಲ್ಲೂ ದಾರಿ ತಪ್ಪಿಸುತ್ತದೆ, ಇದನ್ನೂ ಹೇಳಬೇಕು. ಸಾರ್ಬಿಟಾಲ್, ಗ್ಲಿಸರಾಲ್‌ನಂಥ ಅಣುಗಳು ಅಲ್ಯೂಮಿನಾದ ಮೈಗೆ ಅಂಟಿಕೊಂಡು ಅದು ಬೋಹ್ಮೈಟ್ ಆಗುವುದನ್ನು ನಿಧಾನ ಮಾಡುತ್ತವೆ. ಅಂದರೆ ಬರೀ ನೀರಿನಲ್ಲಿ ಸೋತ ಸಪೋರ್ಟ್, ನಿಜವಾದ ದ್ರವದಲ್ಲಿ ಸ್ವಲ್ಪ ಹೆಚ್ಚು ಬಾಳಬಹುದು. ನಿಜವಾದ ದ್ರವದಲ್ಲೇ ನೋಡಿ ಎಂದು ನಾನು ಹಟ ಮಾಡುವುದು ಇದಕ್ಕೇ.

ಸಾಂದ್ರತೆಯ ಬಗ್ಗೆ ಒಂದೇ ಮಾತು. ಶೇ 2ರ ದ್ರಾವಣದಲ್ಲಿ ಎಲ್ಲ ವೇಗವರ್ಧಕಗಳೂ ಒಳ್ಳೆಯವೇ. ಅಲ್ಲಿ ಒಂದು ಕಿಲೋ ವಸ್ತುವಿಗೆ 49 ಕಿಲೋ ನೀರು. ಅಷ್ಟನ್ನು ಆವಿ ಮಾಡಲು ಸುಮಾರು 110 ಮೆಗಾಜೂಲ್ ಬೇಕು. ಒಂದು ಕಿಲೋ ಕಚ್ಚಾ ತೈಲ ಸುಟ್ಟರೆ ಸಿಗುವುದು ಸುಮಾರು 45. ಶಾಖವನ್ನು ಮರುಬಳಕೆ ಮಾಡಿ ಇದನ್ನು ತಗ್ಗಿಸಬಹುದು, ನಿಜ. ಆದರೂ ಸಾರ್ಬಿಟಾಲ್ ಕಾರ್ಖಾನೆಗಳು ಶೇ 40ರಿಂದ 50ರ ಗ್ಲೂಕೋಸ್‌ನಿಂದ ಶುರು ಮಾಡುವುದು ಸುಮ್ನೆ ಅಲ್ಲ.

ಸಾರ್ಬಿಟಾಲ್ ಕಥೆಯಲ್ಲಿ ನನಗೆ ಧೈರ್ಯ ಸಿಗುತ್ತದೆ. ಮೊದಲು ಅದಕ್ಕೆ ರೇನಿ ನಿಕ್ಕಲ್ ಎಂಬ ರಂಧ್ರಗಳ ನಿಕ್ಕಲ್ ವೇಗವರ್ಧಕ ಇತ್ತು. ಅಗ್ಗದ್ದು, ಚುರುಕಾದದ್ದು. ಆದರೆ ನಿಕ್ಕಲ್ ದ್ರವಕ್ಕೆ ಸೋರುತ್ತಿತ್ತು, ಅದನ್ನು ಹಿಡಿದು ತೆಗೆಯಲು ಬೇರೆ ಹಂತವೇ ಬೇಕಿತ್ತು. ಅದೇ ಕೆಲಸಕ್ಕೆ ಇಂಗಾಲದ ಮೇಲಿನ ರುಥೇನಿಯಂ ಬಂದದ್ದು ಚುರುಕಿನ ಜೊತೆಗೆ ಸೋರದ ಗುಣದ ಮೇಲೂ. ಫರ್ಫುರಾಲ್ ಇನ್ನೂ ಹಳೆಯದು, 1920ರ ದಶಕದ ಆರಂಭದಲ್ಲೇ ಅಮೆರಿಕದ ಅಯೋವಾದಲ್ಲಿ ಓಟ್ಸ್ ಸಿಪ್ಪೆಯಿಂದ ತಯಾರಾಗುತ್ತಿತ್ತು. ಅದನ್ನು ಫರ್ಫುರೈಲ್ ಆಲ್ಕೋಹಾಲ್ ಮಾಡಲು ತಾಮ್ರ ಮತ್ತು ಕ್ರೋಮಿಯಂನ ವೇಗವರ್ಧಕ ಬಂತು. ಕ್ರೋಮಿಯಂನ ಕೆಲವು ರೂಪಗಳು ವಿಷಕಾರಿ, ಅದಕ್ಕೆ ಬದಲಿ ಹುಡುಕುವುದು ಇವತ್ತಿಗೂ ನಡೆದಿದೆ. ಬದಲಿಗಳು ಮೊದಲ ಗಂಟೆಯಲ್ಲಿ ಚೆನ್ನಾಗಿಯೇ ಇರುತ್ತವೆ.

ಅಮೆರಿಕದ ಇಂಧನ ಇಲಾಖೆ 2004ರಲ್ಲಿ ಸಕ್ಕರೆಗಳಿಂದ ಮಾಡಬಹುದಾದ 12 ಮೂಲ ರಾಸಾಯನಿಕಗಳ ಪಟ್ಟಿ ಕೊಟ್ಟಿತು. ಲೆವುಲಿನಿಕ್ ಆಮ್ಲ, ಗ್ಲಿಸರಾಲ್, ಸಾರ್ಬಿಟಾಲ್ ಎಲ್ಲ ಅದರಲ್ಲಿದ್ದವು. ಆ ಪಟ್ಟಿ ನಮ್ಮ ಕ್ಷೇತ್ರಕ್ಕೆ ದಿಕ್ಕು ತೋರಿಸಿತು, ಹಣವೂ ಹರಿಯಿತು. ಏನು ಮಾಡಬೇಕು ಎಂಬ ಪಟ್ಟಿ ಅದು. ಎಷ್ಟು ದಿನ ಬಾಳುವ ವೇಗವರ್ಧಕ ಬೇಕು ಎಂಬುದಕ್ಕೆ ಅಂಥ ಒಂದು ಪಟ್ಟಿ ಯಾರಾದರೂ ಮಾಡಿದ್ದರೆ ನಾವು ಬೇರೆ ಕಡೆ ತಲುಪಿರುತ್ತಿದ್ದೆವು ಎಂದು ನನ್ನ ನಂಬಿಕೆ.

ನನಗಾದ ಒಂದು ಅನುಭವ. ಒಂದು ವೇಗವರ್ಧಕ ಯಾಕೆ ಸತ್ತಿತು ಎಂದು ಪತ್ತೆ ಹಚ್ಚಲು ನನ್ನ ವಿದ್ಯಾರ್ಥಿನಿ ಎರಡು ವರ್ಷ ದುಡಿದಳು. ಲೋಹ ದಪ್ಪ ಆಯಿತೋ, ಕರಗಿತೋ, ಮುಚ್ಚಿಹೋಯಿತೋ ಎಂದು ಒಂದೊಂದನ್ನೂ ಬಿಡಿಸಿ ಅಳೆದಳು. ಪ್ರಬಂಧ ವಾಪಸ್ ಬಂತು. ಕಾರಣ ಒಂದು ಸಾಲು: ವೇಗವರ್ಧಕದ ಸಾಧನೆ ಈಗಾಗಲೇ ಪ್ರಕಟವಾದವುಗಳಿಗಿಂತ ಉತ್ತಮವಾಗಿಲ್ಲ. ಅವಳು ತನ್ನ ಮುಂದಿನ ಕೆಲಸಕ್ಕೆ ಹೊಸದೊಂದು ಲೋಹದ ಜೋಡಿ ಆರಿಸಿಕೊಂಡಳು. ಶೇ 98 ಇಳುವರಿ ಬಂತು, ಐದು ಕಂಬದ ಚಿತ್ರ ಹಾಕಿದಳು, ಬೇಗ ಪ್ರಕಟವೂ ಆಯಿತು. ಅವಳನ್ನು ನಾನು ತಡೆಯಲಿಲ್ಲ. ಅವಳಿಗೆ ಕೆಲಸ ಬೇಕಿತ್ತು. ಅವಳು ಏನು ಕಲಿತಳು ಎಂಬುದು ಮಾತ್ರ ಇವತ್ತೂ ನನ್ನನ್ನು ಕಾಡುತ್ತದೆ.

ಸಂಪಾದಕರೇ, ವಿಮರ್ಶಕರೇ, ನಿಮ್ಮಿಂದ ನಾನು ಕೇಳುವುದು ದೊಡ್ಡದೇನಲ್ಲ. ಮರುಬಳಕೆಯ ಚಿತ್ರದಲ್ಲಿ ಕೊನೆಯ ಇಳುವರಿಯ ಬದಲು ಶುರುವಿನ ವೇಗ ತೋರಿಸಿ ಎನ್ನಿ. ಕಚ್ಚಾವಸ್ತುವಿನಲ್ಲಿ ಶೇ 20 ಕೂಡ ಖರ್ಚಾಗಿಲ್ಲದ ಹಂತದಲ್ಲಿ ನಿಲ್ಲಿಸಿ ಅಳೆದ ವೇಗ. ಸಣ್ಣ ಪ್ರಯೋಗಾಲಯಗಳಿಗೆ ಇದು ಭಾರವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಇಲ್ಲ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಪಾತ್ರೆಯನ್ನು ಬೇಗ ತೆರೆದರೆ ಸಾಕು. ಸೋರಿಕೆಯನ್ನು ನಗಣ್ಯ ಎಂಬ ಪದದಲ್ಲಿ ಒಪ್ಪಬೇಡಿ, ಕಿಲೋ ದ್ರವಕ್ಕೆ ಎಷ್ಟು ಮಿಲಿಗ್ರಾಂ ಎಂದು ಕೇಳಿ. ಬಳಸಿದ ಸಪೋರ್ಟ್‌ನ ಎಕ್ಸ್-ರೇ ಪಟ್ಟಿ, ಒಳಮೈಯ ಅಳತೆ ಕೇಳಿ. ಇದ್ಯಾವುದೂ ಇಲ್ಲದಿದ್ದರೆ ಪ್ರಬಂಧವನ್ನು ತಿರಸ್ಕರಿಸಬೇಕಿಲ್ಲ. ಹೊಸ ವಿಚಾರ ಮೊದಲ ಸಲ ಬರುವಾಗ ಅದಕ್ಕೆ ಉಸಿರಾಡಲು ಜಾಗ ಬೇಕು. ಆದರೆ 'ಸ್ಥಿರ' ಎಂಬ ಪದವನ್ನು ಮಾತ್ರ ತೆಗೆಸಿ. ವೇಗವರ್ಧಕ ಯಾಕೆ ಸತ್ತಿತು ಎಂದು ಸರಿಯಾಗಿ ತೋರಿಸಿದ ಪ್ರಬಂಧ ಬಂದರೆ, ಅದು ಸತ್ತ ಕಾರಣಕ್ಕೇ ಅದನ್ನು ವಾಪಸ್ ಕಳಿಸಬೇಡಿ.

ಹಣ ಕೊಡುವವರೇ, ನಿಮ್ಮ ಹತ್ತಿರ ಕೇಳುವುದು ಸ್ವಲ್ಪ ಜಾಸ್ತಿ. ಸಾವಿರ ಗಂಟೆ ಅಂದರೆ ಆರು ವಾರ, ಹಗಲೂ ರಾತ್ರಿ. ಸತತವಾಗಿ ದ್ರವ ಹರಿಯುವ ರಿಯಾಕ್ಟರ್ ಬೇಕು, ರಾತ್ರಿ ನೋಡಿಕೊಳ್ಳುವ ಜನ ಬೇಕು, ಪಂಪ್ ಕೆಟ್ಟರೆ ಬದಲಿ ಬೇಕು. ಮೂರು ವರ್ಷದ ಯೋಜನೆಯಲ್ಲಿ ಮೂರೂ ವರ್ಷ ಹೊಸ ವಸ್ತು ಹುಡುಕುವುದರಲ್ಲೇ ಕಳೆಯುತ್ತದೆ. ನಾಲ್ಕನೇ ವರ್ಷವನ್ನು ಆಯಸ್ಸಿನ ಪರೀಕ್ಷೆಗೆಂದೇ ಕೊಡಿ, ಬೇರೆ ಯಾವುದಕ್ಕೂ ಬಳಸಬಾರದು ಎಂಬ ಷರತ್ತಿನ ಜೊತೆ. ನಿಜವಾದ ಬಯೋಮಾಸ್ ದ್ರವವನ್ನು ಒಂದು ಕಡೆ ತಯಾರಿಸಿ, ಅದರಲ್ಲಿ ಏನೇನಿದೆ ಎಂದು ಅಳೆದು, ಕೇಳಿದ ಪ್ರಯೋಗಾಲಯಗಳಿಗೆಲ್ಲ ಅದೇ ದ್ರವ ಸಿಗುವಂತೆ ಮಾಡಿ. ಆಗ ಒಬ್ಬರ ವೇಗವರ್ಧಕವನ್ನು ಇನ್ನೊಬ್ಬರದರ ಜೊತೆ ಹೋಲಿಸಬಹುದು. ಈಗ ಅದು ಸಾಧ್ಯವಾಗುವುದಿಲ್ಲ.

ನಮ್ಮ ಪ್ರಯೋಗಾಲಯದ ನೋಟ್‌ಬುಕ್‌ಗಳಲ್ಲಿ ಸತ್ತ ವೇಗವರ್ಧಕಗಳ ದಾಖಲೆ ಬೇಕಾದಷ್ಟಿದೆ. ಯಾವ ಸಪೋರ್ಟ್, ಯಾವ ಲೋಹ, ಎಷ್ಟು ಡಿಗ್ರಿ, ಎಷ್ಟನೇ ಗಂಟೆಗೆ ಏನಾಯಿತು ಎಲ್ಲ ಬರೆದಿದೆ. ಬೇರೆಯವರ ಕಪಾಟುಗಳಲ್ಲೂ ಇಂಥವು ಇರುತ್ತವೆ ಎಂದು ನನಗೆ ಗೊತ್ತು. ಅವನ್ನು ತೆರೆದಿಡಲು ಒಂದು ಜಾಗ ಮಾಡಿಕೊಡಿ. ಮೊದಲ ಕಂತು ನಾನೇ ಕಳಿಸುತ್ತೇನೆ, ಬೋಹ್ಮೈಟ್ ಆದ ಆ ಅಲ್ಯೂಮಿನಾದಿಂದ ಶುರು ಮಾಡಿ.

ಇಂತಿ ನಿಮ್ಮ,
ವೇಗವರ್ಧಕಗಳ ಕೆಲಸದಲ್ಲಿರುವ ಒಬ್ಬ ಸಂಶೋಧಕಿ